ಪುಟ್ಟ ಪೊಟ್ಟಣ, ದೊಡ್ಡ ಪೆಟ್ಟಿಗೆ

ಮನೆಯಲ್ಲೇ ಎರಡು ಕೋಣೆ ಹೋಂಸ್ಟೇಗೆ ಬಿಟ್ಟಿದ್ದೀರಾ? ಪಿ.ಜಿ. ಹುಡುಗಿಯರಿಗೆ ಬೆಳಗಿನ ತಿಂಡಿ ಕೊಡ್ತೀರಾ? ಹಾಗಾದರೆ ಒಬ್ಬೊಬ್ಬರಿಗೆ ಒಂದೊಂದರಂತೆ ಕೊಡುವ ಜಾಮ್, ಬೆಣ್ಣೆಯ ಪುಟ್ಟ ಪೊಟ್ಟಣಗಳನ್ನು ಪೆಟ್ಟಿಗೆಗಟ್ಟಲೆ ಕೊಳ್ಳುವ ಯೋಚನೆ ನಿಮಗೂ ಬಂದಿರಬೇಕು. ನಮ್ಮದು ಸಾಗರದ ಕಡೆ. ಬಿಸಿಬಿಸಿ ಕಡುಬು ಮಾಡಿಟ್ಟರೂ ಪೇಟೆ ಮಕ್ಕಳು "ಬ್ರೆಡ್ ಜಾಮ್ ಇಲ್ವಾ ಆಂಟಿ?" ಅಂತಲೇ ಕೇಳೋದು!

ಮೊದಲು ಜಾಮಿನ ಬಾಟಲಿಯನ್ನೇ ಮೇಜಿನ ಮೇಲಿಡುತ್ತಿದ್ದೆ. ಹತ್ತು ಕೈ, ಹಸಿ ಚಮಚ, ಮೇಲೆ ನಮ್ಮ ಮಳೆಗಾಲ. ಬೂಷ್ಟು ಬಾರದೆ ಇದ್ದೀತೇ? ಪೊಟ್ಟಣವೇ ವಾಸಿ ಅಂತ ಪೇಟೆಯ ಸಗಟು ಅಂಗಡಿಯಿಂದ 200ರ ಪೆಟ್ಟಿಗೆ ತಂದೆ. ಸೋವಿಗೆ ಸಿಕ್ಕಿತೆಂದು ಹಿಗ್ಗಿದ್ದೇ ಹಿಗ್ಗಿದ್ದು. ಮನೆಗೆ ಬಂದು ನೋಡಿದರೆ, ಅವಧಿ ಎರಡೇ ತಿಂಗಳು ಉಳಿದಿದೆ! ನಮ್ಮಲ್ಲಿ ಅತಿಥಿಗಳಿಗೆ ತಿಂಡಿ ವಾರಕ್ಕೆ ಎರಡು ಬೆಳಗು ಮಾತ್ರ. 8 ಜನ ಅಂದರೂ ವಾರಕ್ಕೆ 16 ಪೊಟ್ಟಣ, ಎಂಟು ವಾರಕ್ಕೆ 128. ಮಿಕ್ಕ 72 ಎಸೆದೆ. ಸೋವಿಯಲ್ಲಿ ಉಳಿಸಿದ್ದಕ್ಕಿಂತ ಕಳೆದದ್ದೇ ಜಾಸ್ತಿ.

ಈಗ ಅಂಗಡಿಯಲ್ಲೇ ಪೆಟ್ಟಿಗೆ ಬಿಚ್ಚಿಸಿ, ಪೊಟ್ಟಣದ ಮೇಲಿನ ತಾರೀಖನ್ನೇ ಓದುತ್ತೇನೆ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ. ತೂಕವನ್ನೂ ನೋಡಿ. 15 ಗ್ರಾಂ ಜಾಮಿನ 200 ಪೊಟ್ಟಣ ಅಂದರೆ 3 ಕಿಲೋ, ಅರ್ಧ ಕಿಲೋದ ಆರು ಬಾಟಲಿಗೆ ಸಮ. ಎರಡರ ಬೆಲೆ ಹೋಲಿಸಿದರೆ ಪೊಟ್ಟಣದ ಅನುಕೂಲಕ್ಕೆ ಎಷ್ಟು ತೆರುತ್ತಿದ್ದೀರಿ ಅನ್ನೋದು ತಿಳಿಯುತ್ತೆ.

ಬೆಣ್ಣೆಯಲ್ಲಿ ಇನ್ನೊಂದು ಮೋಸ ಹೋಗುವ ಜಾಗವಿದೆ. ಕಾನೂನಿನ ಪ್ರಕಾರ ಬೆಣ್ಣೆಯಲ್ಲಿ ನೂರಕ್ಕೆ 80 ಭಾಗವಾದರೂ ಹಾಲಿನ ಜಿಡ್ಡಿರಬೇಕು. ಅದೇ ಹಳದಿ ಬಣ್ಣದ, ಎಣ್ಣೆಯಿಂದ ಮಾಡಿದ 'ಫ್ಯಾಟ್ ಸ್ಪ್ರೆಡ್' ಕೂಡ ಪೊಟ್ಟಣದಲ್ಲಿ ಬರುತ್ತದೆ. ಬೇಕಾದರೆ ಕೊಳ್ಳಿ, ಬೆಣ್ಣೆಯ ಬೆಲೆ ಮಾತ್ರ ಕೊಡಬೇಡಿ. ಎಫ್.ಎಸ್.ಎಸ್.ಎ.ಐ. ಗುರುತಿನ ಜೊತೆ 14 ಅಂಕಿಯ ಲೈಸೆನ್ಸ್ ನಂಬರಿದೆಯೇ ನೋಡಿ.

ಬೆಣ್ಣೆಯನ್ನು ಸಂತೆಯೆಲ್ಲ ಮುಗಿದ ಮೇಲೆ ಕೊನೆಗೆ ಕೊಂಡು, ಥರ್ಮೋಕೋಲ್ ಡಬ್ಬದಲ್ಲಿಟ್ಟು ತನ್ನಿ. ನಮ್ಮಲ್ಲಿ ಮಳೆ ಬಂದರೆ ಕರೆಂಟು ಹೋಗೋದೇ. ಹಾಗಾಗಿ ವಾರಕ್ಕಾಗುವಷ್ಟೇ ತರೋದು. ಜಾಮಿನದು ಒಂದು ಪೊಟ್ಟಣ ಒಡೆದರೂ ಸಾಕು, ಇರುವೆ ಸಾಲುಗಟ್ಟುತ್ತೆ. ಬಿಗಿ ಮುಚ್ಚಳದ ಡಬ್ಬಕ್ಕೆ ತುಂಬಿಡಿ. ಅತಿಥಿಗಳು ಮುಟ್ಟದೆ ಬಿಟ್ಟ ಪೊಟ್ಟಣವನ್ನು ಒರೆಸಿ ಮತ್ತೆ ಇಡಬಹುದು. ಚೂರು ತೆರೆದಿದ್ದರೂ ಬೇಡ.

ಪಕ್ಕದೂರಿನಲ್ಲಿ ಹೋಂಸ್ಟೇ ನಡೆಸುವ ಅಕ್ಕ ಒಬ್ಬರಿದ್ದಾರೆ. ಈಗ ಅವರೂ ನಾನೂ ಸೇರಿ ಒಂದೇ ಪೆಟ್ಟಿಗೆ ತಂದು, ನೂರು ನೂರು ಹಂಚಿಕೊಳ್ಳುತ್ತೇವೆ. ನನ್ನ ಪಾಲು ಆರು ವಾರಕ್ಕೆ ಖಾಲಿ.