ಇಲ್ಲದ ಪಹಣಿಯನ್ನು ಹುಡುಕುವ ಪರೀಕ್ಷೆ

ಕನಕಪುರ ತಾಲ್ಲೂಕಿನ ಕಬ್ಬಾಳು ಗ್ರಾಮದ ರೈತನೊಬ್ಬನು ಬೆಳೆಸಾಲಕ್ಕಾಗಿ ತನ್ನ ಜಮೀನಿನ ಪಹಣಿಯನ್ನು ಅಂತರ್ಜಾಲದಲ್ಲಿ ಹುಡುಕುತ್ತಾನೆಂದು ಭಾವಿಸೋಣ. ಸರ್ವೆ ನಂಬರನ್ನು ಕೊಟ್ಟೊಡನೆ "ದಾಖಲೆ ಇಲ್ಲ" ಎಂಬ ಉತ್ತರ ಬರುತ್ತದೆ. ಈ "ಇಲ್ಲ" ಎಂಬುದರ ಅರ್ಥವೇನು? ಅಂತಹ ನಂಬರೇ ಗ್ರಾಮದಲ್ಲಿಲ್ಲವೆ? ಪೋಡಿಯಾಗಿ ಹಳೆಯ ನಂಬರು ಹಿಸ್ಸೆಗಳಾಗಿ ಒಡೆದಿದೆಯೆ? ಅಥವಾ ದಾಖಲೆಯಿದ್ದೂ ಅದನ್ನು ತರಬೇಕಾದ ಯಂತ್ರವು ಕೆಟ್ಟಿದೆಯೆ? ಮೊದಲನೆಯದಾದರೆ ನಂಬರನ್ನು ತಿದ್ದಬೇಕು. ಎರಡನೆಯದಾದರೆ ಹಿಸ್ಸೆಯನ್ನು ಕೇಳಬೇಕು. ಮೂರನೆಯದಾದರೆ ಸ್ವಲ್ಪ ಕಾಲ ಕಾಯಬೇಕು. ಮೂರಕ್ಕೂ ಒಂದೇ ಉತ್ತರ ಕೊಡುವ ತಂತ್ರಾಂಶವು, ತನ್ನ ಜಮೀನೇ ಕೈಬಿಟ್ಟಿತೆಂಬ ಭಯವನ್ನು ರೈತನಲ್ಲಿ ಹುಟ್ಟಿಸೀತು.

ನಮ್ಮ ನಾಡಿನಲ್ಲಿ ಇದು ಸಣ್ಣ ವಿಷಯವಲ್ಲ. "ಭೂಮಿ" ಯೋಜನೆಯ ಮೂಲಕ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕೈಬರಹದ ಪುಸ್ತಕಗಳಿಂದ ಗಣಕಯಂತ್ರಕ್ಕೆ ಏರಿದವು. ಪುಸ್ತಕದ ಹಾಳೆ ಹರಿದಿದ್ದರೆ ಕಣ್ಣಿಗೇ ಕಾಣುತ್ತಿತ್ತು. ಗಣಕದಲ್ಲಿನ ಕೊರತೆಯಾದರೋ ತಂತ್ರಾಂಶವು ಹೇಳಿದ ಹೊರತು ತಿಳಿಯದು.

ಹೀಗೆ ಹೇಳುವುದಕ್ಕೆ ಅಂತರ್ಜಾಲದಲ್ಲಿ ಒಂದು ಸಂಕೇತಪದ್ಧತಿ ಉಂಟು. ಪ್ರತಿಯೊಂದು ಕೋರಿಕೆಗೂ ಸರ್ವರ್ ಮೂರಂಕಿಯ ಸಂಖ್ಯೆಯೊಡನೆ ಉತ್ತರಿಸುತ್ತದೆ. 200 ಎಂದರೆ ಕೋರಿಕೆ ಸಫಲವಾಯಿತು. 404 ಎಂದರೆ ಕೇಳಿದ್ದು ಸಿಕ್ಕಲಿಲ್ಲ. 410 ಎಂದರೆ ಹಿಂದೆ ಇದ್ದುದನ್ನು ತೆಗೆಯಲಾಗಿದೆ. 500 ಎಂದರೆ ಸರ್ವರಿನಲ್ಲಿಯೇ ದೋಷ. 503 ಎಂದರೆ ತಾತ್ಕಾಲಿಕ ಅಡಚಣೆ. ಪರದೆಯ ಮೇಲೆ "ದಾಖಲೆ ಇಲ್ಲ" ಎಂದು ಬರೆದು, ಒಳಗೆ 200 ಎಂದು ಕಳುಹಿಸುವ ತಂತ್ರಾಂಶಗಳೂ ಇವೆ. ಸಂಖ್ಯೆಯನ್ನು ಮಾತ್ರ ಓದುವ ಇನ್ನೊಂದು ಯಂತ್ರವು ಆಗ ದಾಖಲೆ ದೊರೆಯಿತೆಂದೇ ನಂಬುತ್ತದೆ.

ಆದುದರಿಂದ ಪರೀಕ್ಷಕರು ಇಲ್ಲದ್ದನ್ನೇ ಬೇಕೆಂದು ಕೇಳುತ್ತಾರೆ. ನಿಜವಾದ ದಾಖಲೆಗಳನ್ನು ಮುಟ್ಟದೆ, ಪ್ರಯೋಗಕ್ಕೆಂದೇ ಮಾಡಿದ ಪ್ರತಿಯೊಂದನ್ನು ಬಳಸುತ್ತಾರೆ. ಅದರಲ್ಲಿ ಕೊನೆಯ ಸರ್ವೆ ನಂಬರು 200 ಆಗಿದ್ದರೆ, 201ನ್ನೂ ಸೊನ್ನೆಯನ್ನೂ ಕೇಳುತ್ತಾರೆ. ಅಂಕಿಯ ಬದಲು ಅಕ್ಷರವನ್ನು ಕೊಡುತ್ತಾರೆ. ಒಬ್ಬರು ದಾಖಲೆಯನ್ನು ತೆರೆಯುತ್ತಿರುವಾಗಲೇ ಇನ್ನೊಬ್ಬರು ಅದನ್ನು ಅಳಿಸುತ್ತಾರೆ. ಮಾಲೀಕರ ಹೆಸರಿನ ಅಂಕಣವನ್ನು ಖಾಲಿ ಬಿಡುತ್ತಾರೆ. ಕಡೆಗೆ ದಾಖಲೆಗಳ ಸಂಚಯದ ಸಂಪರ್ಕವನ್ನೇ ಕಡಿಯುತ್ತಾರೆ. ಆಗ 404 ಬಂದರೆ ಪರೀಕ್ಷೆಯಲ್ಲಿ ತಂತ್ರಾಂಶವು ಸೋತಂತೆ. ಬರಬೇಕಾದ ಉತ್ತರವನ್ನು ಮೊದಲೇ ಬರೆದಿಟ್ಟು, ತಂತ್ರಾಂಶವನ್ನು ತಿದ್ದಿದಾಗಲೆಲ್ಲ ಈ ಪರೀಕ್ಷೆಗಳನ್ನು ಯಂತ್ರದಿಂದಲೇ ಮತ್ತೆ ನಡೆಸುತ್ತಾರೆ.

ವಿದ್ಯಾರ್ಥಿಗಳು ತಾವೇ ಬರೆದ ಪುಟ್ಟ ತಂತ್ರಾಂಶದಲ್ಲಿ ಇದನ್ನು ಮಾಡಿ ನೋಡಬಹುದು. ತರಗತಿಯ ಹಾಜರಿಪಟ್ಟಿಯನ್ನು ಅದರಲ್ಲಿ ತುಂಬಿ, ಪಟ್ಟಿಯಲ್ಲಿಲ್ಲದ ಕ್ರಮಸಂಖ್ಯೆಯೊಂದನ್ನು ಕೇಳಲಿ. ಬಳಿಕ ಪಟ್ಟಿಯ ಕಡತವನ್ನೇ ಬೇರೆಡೆಗೆ ಸರಿಸಿ ಪುನಃ ಕೇಳಲಿ. ಎರಡು ಸಲವೂ ಒಂದೇ ಉತ್ತರ ಬಂದರೆ ತಿದ್ದುವ ಕೆಲಸ ಬಾಕಿಯಿದೆ.