ಬಿಪಿ ಮಷೀನಿಗೆ ಯಾವ ಸೆಲ್ ಒಳ್ಳೆಯದು? ಸೋರುವ ಸೆಲ್ಲಿನಿಂದ ಮನೆಯ ಯಂತ್ರಗಳನ್ನು ಉಳಿಸಿಕೊಳ್ಳುವುದು ಹೇಗೆ?



ಕಳೆದ ಕಂತಿನಲ್ಲಿ ಮನೆಯಲ್ಲೇ ಬಿಪಿ ಅಳೆಯುವ ಸರಿಯಾದ ಕ್ರಮದ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪ್ರಶ್ನೆಗಳಲ್ಲಿ ಒಂದು ಮತ್ತೆ ಮತ್ತೆ ಕಾಣಿಸಿತು: "ಡಾಕ್ಟ್ರೇ, ಮಷೀನ್ ಆನೇ ಆಗ್ತಿಲ್ಲ. ಹಿಂದಿನ ಮುಚ್ಚಳ ತೆಗೆದ್ರೆ ಒಳಗೆಲ್ಲ ಬಿಳಿ ಪುಡಿ. ಯಾವ ಸೆಲ್ ಹಾಕ್ಬೇಕು?"

ಇದು ಎಲೆಕ್ಟ್ರಿಕ್ ಅಂಗಡಿಯವರನ್ನು ಕೇಳುವ ಪ್ರಶ್ನೆ, ಹೃದಯದ ಡಾಕ್ಟರಿಗೇಕೆ ಎಂದು ನೀವು ಅಂದುಕೊಳ್ಳಬಹುದು. ಆದರೆ ನಮ್ಮಂಥ ಕುಟುಂಬಗಳ ಪರಿಸ್ಥಿತಿ ನೋಡಿ. ಮಗ ಪುಣೆಯಲ್ಲಿ, ಮಗಳು ಚೆನ್ನೈಯಲ್ಲಿ, ಅಪ್ಪ-ಅಮ್ಮ ಊರಲ್ಲಿ. ಬಿಪಿ ಮಾತ್ರೆಯ ಡೋಸ್ ಬದಲಿಸಿದ ಮೇಲೆ ಒಂದೆರಡು ವಾರದ ರೀಡಿಂಗ್ ಬರೆದು ಕಳಿಸಿ ಎಂದು ಡಾಕ್ಟರು ಹೇಳಿರುತ್ತಾರೆ. ಮಷೀನ್ ಕೈಕೊಟ್ಟರೆ ಹಿರಿಯರು ಏನು ಮಾಡುತ್ತಾರೆ? "ಇರಲಿ ಬಿಡು, ನೀನು ಹಬ್ಬಕ್ಕೆ ಬಂದಾಗ ನೋಡಿದರಾಯ್ತು" ಎನ್ನುತ್ತಾರೆ. ಅಲ್ಲಿಯವರೆಗೆ ಬಿಪಿ ಎಷ್ಟಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಸಾವಿರಾರು ರೂಪಾಯಿಯ ಯಂತ್ರ ಮೂಲೆ ಸೇರುವುದು ಎಷ್ಟೋ ಸಲ ಒಂದು ಅಗ್ಗದ ಸೆಲ್ಲಿನಿಂದ. ಆದ್ದರಿಂದ ಈ ಸಲ ಸೆಲ್ಲಿನ ವಿಷಯ.

*ಸೆಲ್ ಸೋರುವುದು ಏಕೆ?*

ಅಂಗಡಿಯಲ್ಲಿ "ಪೆನ್ಸಿಲ್ ಸೆಲ್ ಕೊಡಿ" ಎಂದರೆ ಸಾಮಾನ್ಯವಾಗಿ ಎರಡು ಬಗೆ ಸಿಗುತ್ತದೆ. ನೋಡಲು ಒಂದೇ ಥರ, ಒಳಗಡೆ ಬೇರೆ ಬೇರೆ.

ಮೊದಲನೆಯದು ಅಗ್ಗದ ಕಾರ್ಬನ್-ಸತುವಿನ ಸೆಲ್. ಇದರಲ್ಲಿ ಹೊರಗಿನ ಸತುವಿನ ಡಬ್ಬಿಯೇ ಕರೆಂಟ್ ಕೊಡುವ ವಸ್ತು. ಸೆಲ್ ಬಳಕೆಯಾದಂತೆ ಡಬ್ಬಿ ಒಳಗಿನಿಂದ ಸವೆಯುತ್ತದೆ. ಪೂರ್ತಿ ಖಾಲಿಯಾದ ಮೇಲೂ ಯಂತ್ರದಲ್ಲೇ ಬಿಟ್ಟರೆ ಡಬ್ಬಿಗೆ ತೂತು ಬಿದ್ದು ಒಳಗಿನ ಉಪ್ಪಿನ ದ್ರವ ಹೊರಗೆ ಬರುತ್ತದೆ.

ಎರಡನೆಯದು ಆಲ್ಕಲೈನ್ ಸೆಲ್. ಇದರ ಡಬ್ಬಿ ಉಕ್ಕಿನದು, ಸವೆಯುವುದಿಲ್ಲ. ಒಳಗಿರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ತೀಕ್ಷ್ಣ ಕ್ಷಾರ. ಈ ಸೆಲ್ ತೀರಾ ಖಾಲಿಯಾದಾಗ ಒಳಗೆ ಹೈಡ್ರೋಜನ್ ಅನಿಲ ಹುಟ್ಟಿ ಒತ್ತಡ ಏರುತ್ತದೆ. ಸೆಲ್ ಸಿಡಿಯಬಾರದೆಂದು ಅದರ ಸೀಲಿನಲ್ಲಿ ತೆಳುವಾದ ಜಾಗವೊಂದನ್ನು ಬಿಟ್ಟಿರುತ್ತಾರೆ. ಒತ್ತಡ ಹೆಚ್ಚಾದಾಗ ಅದು ಹರಿದು ಅನಿಲದ ಜೊತೆ ಕ್ಷಾರವೂ ಹೊರಗೆ ಬರುತ್ತದೆ. ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ನೀವು ನೋಡುವ ಬಿಳಿ ಪುಡಿಯಾಗುತ್ತದೆ. ಸ್ಪ್ರಿಂಗ್ ಮತ್ತು ತಗಡಿನ ತುದಿಗಳನ್ನು ತಿನ್ನುವುದು ಇದೇ.

ಅಂದರೆ ಯಾವ ಆಲ್ಕಲೈನ್ ಕಂಪನಿಯದಾದರೂ ಖಾಲಿಯಾದ ಸೆಲ್ಲನ್ನು ಯಂತ್ರದೊಳಗೆ ಮರೆತರೆ ಒಂದು ದಿನ ಸೋರಬಹುದು. ಒಳ್ಳೆಯ ಸೆಲ್ ಕೊಳ್ಳುವುದು ಅರ್ಧ ಕೆಲಸ, ಸಮಯಕ್ಕೆ ಹೊರಗೆ ತೆಗೆಯುವುದು ಉಳಿದರ್ಧ.

*ಕೊಳ್ಳುವಾಗ ಏನು ನೋಡಬೇಕು?*

ಸೆಲ್ಲಿನ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಗುರುತು ಇರುತ್ತದೆ. ಅಂಗಡಿಯವರು ಯಾವ ಭಾಷೆಯಲ್ಲಿ ಮಾತಾಡಿದರೂ ಈ ಗುರುತು ಎಲ್ಲ ಕಡೆ ಒಂದೇ.

1. ಎಲ್‌ಆರ್6 ಎಂದಿದ್ದರೆ ದೊಡ್ಡ ಪೆನ್ಸಿಲ್ ಸೆಲ್ (ಎಎ), ಆಲ್ಕಲೈನ್. ಎಲ್‌ಆರ್03 ಎಂದರೆ ಸಣ್ಣದು (ಎಎಎ), ಅದೂ ಆಲ್ಕಲೈನ್.

2. ಮುಂದೆ ಎಲ್ ಇಲ್ಲದೆ ಬರೀ ಆರ್6 ಅಥವಾ ಆರ್03 ಎಂದಿದ್ದರೆ ಅದು ಕಾರ್ಬನ್-ಸತುವಿನ ಅಗ್ಗದ ಸೆಲ್. ಮೇಲೆ "ಹೆವಿ ಡ್ಯೂಟಿ" ಎಂದು ದಪ್ಪಕ್ಷರದಲ್ಲಿ ಬರೆದಿರಬಹುದು. ಹೆಸರು ನೋಡಿ ಮೋಸಹೋಗಬೇಡಿ. ಗೋಡೆ ಗಡಿಯಾರಕ್ಕೆ ಸಾಕು, ಬಿಪಿ ಮಷೀನಿಗೆ ಸಾಲದು. ಬಿಪಿ ಮಷೀನಿನ ಪಂಪು ಪಟ್ಟಿಗೆ ಗಾಳಿ ತುಂಬುವಾಗ ಒಮ್ಮೆಲೇ ಹೆಚ್ಚು ಕರೆಂಟ್ ಎಳೆಯುತ್ತದೆ. ಈ ಸೆಲ್ ಅಲ್ಲಿ ಬೇಗ ಸೋಲುತ್ತದೆ.

3. ಎಚ್‌ಆರ್6 ಎಂದರೆ ಮತ್ತೆ ಮತ್ತೆ ಚಾರ್ಜ್ ಮಾಡುವ ನಿಕ್ಕಲ್ ಸೆಲ್. ಸೋರುವುದು ಅಪರೂಪ. ದಿನಕ್ಕೆರಡು ಸಲ ಬಿಪಿ ನೋಡುವ ಮನೆಗೆ ಒಳ್ಳೆಯದು. ಆದರೆ ಇದರ ವೋಲ್ಟೇಜ್ 1.5 ಅಲ್ಲ, 1.2. ಕೆಲವು ಮಷೀನುಗಳು ಬೇಗನೆ "ಬ್ಯಾಟರಿ ಕಡಿಮೆ" ಎಂದು ತೋರಿಸುತ್ತವೆ. ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಇದನ್ನು ಹಾಕಬಹುದೇ ಎಂದು ನೋಡಿಕೊಳ್ಳಿ.

4. ಎಫ್‌ಆರ್6 ಎಂದರೆ 1.5 ವೋಲ್ಟಿನ ಲಿಥಿಯಂ ಸೆಲ್. ಬೆಲೆ ಹೆಚ್ಚು, ಚಾರ್ಜ್ ಮಾಡುವಂತಿಲ್ಲ. ಆದರೆ ತೂಕ ಕಡಿಮೆ, ವರ್ಷಗಟ್ಟಲೆ ಇಟ್ಟರೂ ಶಕ್ತಿ ಉಳಿಯುತ್ತದೆ, ಸೋರುವ ಸಾಧ್ಯತೆ ತೀರಾ ಕಡಿಮೆ. ಅಪರೂಪಕ್ಕೆ ಬಳಸುವ ಆಕ್ಸಿಮೀಟರ್, ಟಾರ್ಚ್ ಇಂಥವಕ್ಕೆ ಇದರ ಸಣ್ಣ ಅಥವಾ ದೊಡ್ಡ ಅಳತೆ ಯೋಗ್ಯ.

ಇಲ್ಲಿ ಒಂದು ಎಚ್ಚರಿಕೆ. ಆನ್‌ಲೈನಿನಲ್ಲಿ ಇದೇ ಗಾತ್ರದ, 3.7 ವೋಲ್ಟಿನ ಲಿಥಿಯಂ-ಅಯಾನ್ ಸೆಲ್ಲುಗಳೂ ಸಿಗುತ್ತವೆ. ಬಿಪಿ ಮಷೀನಿಗೆ ನಾಲ್ಕು ಸೆಲ್ ಸೇರಿ 6 ವೋಲ್ಟ್ ಬೇಕು. ಇವನ್ನು ನಾಲ್ಕು ಹಾಕಿದರೆ 14.8 ವೋಲ್ಟ್ ಆಗಿ ಯಂತ್ರ ಸುಟ್ಟುಹೋಗಬಹುದು. ವೋಲ್ಟ್ ಓದದೆ ಕೊಳ್ಳಬೇಡಿ.

ಇನ್ನೊಂದು ಮಾತು: ಸೆಲ್ಲಿಗೂ ಎಕ್ಸ್‌ಪೈರಿ ತಾರೀಕು ಇರುತ್ತದೆ. ಔಷಧಿಯ ಸ್ಟ್ರಿಪ್ ತಿರುಗಿಸಿ ನೋಡುವ ಹಾಗೆ ಇದನ್ನೂ ನೋಡಿ. ಬಿಸಿಲಿಗೆ ಬೀಳುವ ಗೂಡಂಗಡಿಯ ಹಳೆಯ ಸ್ಟಾಕಿಗಿಂತ ಮಾರಾಟ ಚೆನ್ನಾಗಿರುವ ಅಂಗಡಿಯ ಹೊಸ ಪ್ಯಾಕ್ ಮೇಲು.

*ಬಳಸುವಾಗ ಏನು ನೆನಪಿಡಬೇಕು?*

ಹಳೆಯದು-ಹೊಸದು ಬೆರೆಸಬೇಡಿ. ನಾಲ್ಕರಲ್ಲಿ ಎರಡು ಮಾತ್ರ ಬದಲಿಸುವ ಉಳಿತಾಯ ನಮ್ಮಲ್ಲಿ ಸಾಮಾನ್ಯ. ಆದರೆ ದುರ್ಬಲ ಸೆಲ್ ಮೊದಲು ಖಾಲಿಯಾಗುತ್ತದೆ. ಆಮೇಲೂ ಉಳಿದವು ಅದರ ಮೂಲಕ ಕರೆಂಟ್ ತಳ್ಳುತ್ತಲೇ ಇರುತ್ತವೆ. ಆ ಖಾಲಿ ಸೆಲ್ ಒಳಗೆ ಅನಿಲ ತುಂಬಿ ಅದೇ ಮೊದಲು ಸೋರುತ್ತದೆ. ಬದಲಿಸುವುದಾದರೆ ನಾಲ್ಕನ್ನೂ ಒಟ್ಟಿಗೆ, ಒಂದೇ ಕಂಪನಿಯ ಒಂದೇ ಬಗೆಯದನ್ನು ಹಾಕಿ.

ಊರಿಗೆ ಹೊರಟಾಗ ಸೆಲ್ ತೆಗೆದಿಡಿ. ಬೇಸಿಗೆ ರಜೆಗೆಂದು ತಿಂಗಳುಗಟ್ಟಲೆ ಮನೆಗೆ ಬೀಗ ಹಾಕುವಾಗ ಗ್ಯಾಸ್ ಆಫ್ ಮಾಡುವ ಹಾಗೆ ಇದೂ ಒಂದು ಕೆಲಸ. ಗಡಿಯಾರ ಇರುವ ಬಿಪಿ ಮಷೀನ್ ಆಫ್ ಆಗಿದ್ದರೂ ಸ್ವಲ್ಪ ಸ್ವಲ್ಪ ಕರೆಂಟ್ ಎಳೆಯುತ್ತಲೇ ಇರುತ್ತದೆ. ಸೆಲ್ ತೆಗೆದರೆ ತಾರೀಕು, ಸಮಯ ಅಳಿಸಿ ಹೋಗಬಹುದು, ಬಂದ ಮೇಲೆ ಸರಿಮಾಡಿಕೊಳ್ಳಿ. ಅಡಾಪ್ಟರ್ ಹಾಕಿಯೇ ಬಳಸುವವರು ಒಳಗೆ ಸೆಲ್ ಬಿಡುವ ಅಗತ್ಯವಿಲ್ಲ. ಅಡಾಪ್ಟರ್ ಮಾತ್ರ ಆ ಮಷೀನಿಗೆ ಹೇಳಿದ್ದೇ ಆಗಿರಲಿ.

ಬಿಸಿಲಿಗೆ ಇಡಬೇಡಿ. ಟಾರ್ಚಿನ ಸೆಲ್ ಬಿಸಿಲಿಗೆ ಒಣಗಿಸುವುದು, ರಿಮೋಟಿನ ಸೆಲ್ ಹಲ್ಲಿನಿಂದ ಕಚ್ಚುವುದು ನಮ್ಮ ಮನೆಗಳ ಹಳೆಯ ಉಪಾಯ. ಬಿಸಿಯಾದಾಗ ಒಳಗಿನ ರಾಸಾಯನಿಕ ಕ್ರಿಯೆ ಕೊಂಚ ಚುರುಕಾಗಿ ಸ್ವಲ್ಪ ಹೊತ್ತು ಓಡುವುದು ನಿಜ. ಆದರೆ ಅದು ಸೋರಿಕೆಯನ್ನು ಹತ್ತಿರ ಕರೆಯುವ ಕೆಲಸ. ಕಚ್ಚಿದಾಗ ಸೀಲ್ ಒಡೆದರೆ ಕ್ಷಾರ ನೇರ ಬಾಯಿಗೆ. ಹೈದರಾಬಾದ್, ದೆಹಲಿಯ ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನೊಳಗೆ ಮಷೀನ್ ಬಿಡಬೇಡಿ. ಫ್ರಿಜ್ಜಿನಲ್ಲೂ ಇಡಬೇಕಿಲ್ಲ. ಹೊರಗೆ ತೆಗೆದಾಗ ಮೇಲೆ ನೀರಿನ ಪಸೆ ಕೂರುತ್ತದೆ. ಒಣಗಿದ, ತಂಪಾದ ಕಪಾಟು ಸಾಕು.

ವರ್ಷಕ್ಕೆ ನಾಲ್ಕು ಸಲ ಮುಚ್ಚಳ ತೆಗೆದು ನೋಡಿ. ನೆನಪಿಗೆ ಹಬ್ಬ ಇಟ್ಟುಕೊಳ್ಳಿ: ಸಂಕ್ರಾಂತಿ, ಯುಗಾದಿ, ಗೌರಿ-ಗಣೇಶ, ದೀಪಾವಳಿ. ಬ್ಯಾಟರಿ ಚಿಹ್ನೆ ಮಿನುಗಿದ ದಿನವೇ ಸೆಲ್ ತೆಗೆಯಿರಿ. "ಇನ್ನೆರಡು ದಿನ ಓಡಲಿ" ಎನ್ನಬೇಡಿ.

*ಆಗಲೇ ಸೋರಿದ್ದರೆ?*

ಬರಿಗೈಯಲ್ಲಿ ಮುಟ್ಟಬೇಡಿ. ಕೈಗವಸು ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲ ಕೈಗೆ ಸುತ್ತಿಕೊಂಡು ಸೆಲ್ ಹೊರತೆಗೆಯಿರಿ. ಪುಡಿಯನ್ನು ಬಾಯಿಂದ ಊದಬೇಡಿ, ಕಣ್ಣಿಗೆ ಹಾರುತ್ತದೆ. ಆಲ್ಕಲೈನ್ ಸೆಲ್ ಆಗಿದ್ದರೆ ಕಿವಿಗೆ ಬಳಸುವ ಹತ್ತಿ ಕಡ್ಡಿಗೆ ಒಂದೆರಡು ಹನಿ ವಿನೆಗರ್ ಅಥವಾ ನಿಂಬೆರಸ ತಾಗಿಸಿ ಸ್ಪ್ರಿಂಗು, ತಗಡುಗಳನ್ನು ಒರೆಸಿ. ಹುಳಿ ಕ್ಷಾರವನ್ನು ಶಮನ ಮಾಡುತ್ತದೆ. ನಂತರ ನೀರಿನಲ್ಲಿ ತುಸು ಒದ್ದೆ ಮಾಡಿದ ಕಡ್ಡಿಯಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಕಾರ್ಬನ್ ಸೆಲ್ ಆಗಿದ್ದರೆ ಹುಳಿ ಬೇಡ, ತುಸು ಒದ್ದೆ ಬಟ್ಟೆ ಸಾಕು.

ಚರ್ಮಕ್ಕೆ ತಾಗಿದರೆ ಧಾರಾಳ ನೀರಿನಲ್ಲಿ ತೊಳೆಯಿರಿ, ಚರ್ಮದ ಮೇಲೆ ನಿಂಬೆ ಹಚ್ಚಬೇಡಿ. ಕಣ್ಣಿಗೆ ಬಿದ್ದರೆ 15-20 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಕೂಡಲೇ ಕಣ್ಣಿನ ಡಾಕ್ಟರ ಬಳಿ ಹೋಗಿ.

ಮಷೀನ್ ಮತ್ತೆ ಚಾಲೂ ಆದರೆ ಮುಂದಿನ ಭೇಟಿಯಲ್ಲಿ ಅದನ್ನು ಕ್ಲಿನಿಕ್ಕಿಗೆ ತಂದು ಡಾಕ್ಟರ ಮಷೀನಿನ ಜೊತೆ ಹೋಲಿಸಿ ನೋಡಿ. ಆಮೇಲೆ ಅದರ ಅಂಕಿಯನ್ನು ನಂಬಿ.

ಹಳೆಯ ಸೆಲ್ಲುಗಳನ್ನು ಒಲೆಗೆ, ಬೆಂಕಿಗೆ ಹಾಕಬೇಡಿ, ಸಿಡಿಯಬಹುದು. ನಮ್ಮ ದೇಶದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಗಳನ್ನು ಮನೆಯ ಕಸದಿಂದ ಬೇರೆಯಾಗಿ ಕೊಡಬೇಕು. ಸೊಸೈಟಿಯ ಇ-ವೇಸ್ಟ್ ಡಬ್ಬಿಯಿದ್ದರೆ ಅದಕ್ಕೆ ಹಾಕಿ.

*ಬಟನ್ ಸೆಲ್: ಮಕ್ಕಳಿರುವ ಮನೆಯವರು ದಯವಿಟ್ಟು ಓದಿ*

ಹಲವು ಶುಗರ್ ಮಷೀನುಗಳಲ್ಲಿ, ಥರ್ಮಾಮೀಟರಿನಲ್ಲಿ ನಾಣ್ಯದಂಥ ಸಣ್ಣ ಸೆಲ್ ಇರುತ್ತದೆ. ಅಜ್ಜ-ಅಜ್ಜಿಯ ಮಷೀನು, ಮೊಮ್ಮಗುವಿನ ಕೈ. ಅಪಾಯ ಇರುವುದು ಇಲ್ಲೇ. ನಾಣ್ಯದ ಗಾತ್ರದ ಲಿಥಿಯಂ ಸೆಲ್ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅದು ಸೋರಲೇಬೇಕೆಂದಿಲ್ಲ. ಒದ್ದೆ ಚರ್ಮದ ಮೂಲಕ ಕರೆಂಟ್ ಹರಿದು ಅಲ್ಲೇ ಕ್ಷಾರ ತಯಾರಾಗಿ ಎರಡೇ ಗಂಟೆಯೊಳಗೆ ಗಂಭೀರ ಸುಟ್ಟಗಾಯವಾಗಬಹುದು. "ಖಾಲಿ ಸೆಲ್ ತಾನೇ" ಎನ್ನಬೇಡಿ. ಯಂತ್ರ ಓಡಿಸಲಾಗದ ಸೆಲ್ಲಿನಲ್ಲೂ ಇದಕ್ಕೆ ಸಾಕಾಗುವಷ್ಟು ಕರೆಂಟ್ ಉಳಿದಿರುತ್ತದೆ.

ಮಗು ನುಂಗಿದೆ ಎಂಬ ಅನುಮಾನ ಬಂದರೂ ಸಾಕು, ಎಕ್ಸ್‌ರೇ ಮತ್ತು ಎಂಡೋಸ್ಕೋಪಿ ಇರುವ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಆಗಲೇ ಹೊರಡಿ. ವಾಂತಿ ಮಾಡಿಸಬೇಡಿ. ಬಾಳೆಹಣ್ಣು, ಅನ್ನದುಂಡೆ ತಿನ್ನಿಸಬೇಡಿ. "ಬೆಳಗ್ಗೆ ಹೊರಗೆ ಬರುತ್ತೆ" ಎಂದು ಕಾಯಬೇಡಿ. ಹೊಸ ಸೆಲ್, ಹಳೆ ಸೆಲ್ ಎರಡನ್ನೂ ಮಗುವಿನ ಕೈಗೆಟುಕದಲ್ಲಿಡಿ. ಬಿಸಾಡುವ ಮೊದಲು ಎರಡು ಬದಿಗೂ ಟೇಪ್ ಸುತ್ತಿ.

*"ಡಾಕ್ಟ್ರೇ, ನನ್ನ ಎದೆಯೊಳಗಿನ ಬ್ಯಾಟರಿ ಸೋರಿದರೆ?"*

ಪೇಸ್‌ಮೇಕರ್ ಹಾಕಿಸಿಕೊಂಡವರು ಮೆಲ್ಲಗೆ ಈ ಪ್ರಶ್ನೆ ಕೇಳುತ್ತಾರೆ. ಹೆದರಬೇಡಿ. ದೇಹದೊಳಗೆ ಮೊದಲ ಪೇಸ್‌ಮೇಕರ್ ಇಟ್ಟಿದ್ದು 1958ರಲ್ಲಿ, ಸ್ವೀಡನ್ನಿನಲ್ಲಿ. ಆರಂಭದ ವರ್ಷಗಳಲ್ಲಿ ಬಳಸಿದ ಪಾದರಸ-ಸತುವಿನ ಬ್ಯಾಟರಿಗಳು ಅನಿಲ ಬಿಡುತ್ತಿದ್ದವು, ಹಾಗಾಗಿ ಪೂರ್ತಿ ಸೀಲ್ ಮಾಡಲಾಗುತ್ತಿರಲಿಲ್ಲ. 1972ರಲ್ಲಿ ಲಿಥಿಯಂ-ಅಯೋಡಿನ್ ಬ್ಯಾಟರಿ ಬಂತು. ಅದು ಅನಿಲ ಬಿಡುವುದಿಲ್ಲ. ಹಾಗಾಗಿ ಇಡೀ ಯಂತ್ರವನ್ನು ಲೋಹದ ಕವಚದಲ್ಲಿ ಗಾಳಿಯಾಡದಂತೆ ಮುಚ್ಚಲು ಸಾಧ್ಯವಾಯಿತು. ಇಂದಿನ ಪೇಸ್‌ಮೇಕರುಗಳನ್ನೂ ಟೈಟಾನಿಯಂ ಕವಚದಲ್ಲಿ ಹಾಗೆಯೇ ಮುಚ್ಚಿರುತ್ತಾರೆ. ಬ್ಯಾಟರಿ ಮುಗಿಯುವ ಸೂಚನೆ ಚೆಕಪ್ಪಿನಲ್ಲಿ ತಿಂಗಳುಗಳ ಮೊದಲೇ ಸಿಗುತ್ತದೆ. ನೀವು ಮಾಡಬೇಕಾದ್ದು ಒಂದೇ: ಊರು ಬದಲಾಯಿತೆಂದು ಚೆಕಪ್ ತಪ್ಪಿಸಬೇಡಿ. ಮುಂಬೈಯಲ್ಲಿ ಹಾಕಿಸಿದ್ದನ್ನು ಹುಬ್ಬಳ್ಳಿಯಲ್ಲೂ ಪರೀಕ್ಷಿಸಬಹುದು. ಪೇಸ್‌ಮೇಕರ್ ಕಾರ್ಡ್ ಸದಾ ಜೊತೆಗಿರಲಿ.

*ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯ ಮಾತು*

ಎದೆ ಬಿಗಿತ, ಕೈಗೆ ಅಥವಾ ದವಡೆಗೆ ಹರಡುವ ನೋವು, ತಣ್ಣನೆಯ ಬೆವರು, ಉಸಿರುಕಟ್ಟುವುದು, ಇದ್ದಕ್ಕಿದ್ದಂತೆ ಮುಖ ಸೊಟ್ಟಗಾಗುವುದು, ಮಾತು ತೊದಲುವುದು: ಇವುಗಳಲ್ಲಿ ಯಾವುದಾದರೂ ಕಂಡರೆ ಮಷೀನಿಗೆ ಸೆಲ್ ಹುಡುಕುತ್ತ ಕೂರಬೇಡಿ. ಹೃದಯಾಘಾತ ಆಗುತ್ತಿರುವಾಗಲೂ ಬಿಪಿ ನಾರ್ಮಲ್ ತೋರಿಸಬಹುದು. 112 ಅಥವಾ 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಹೊರಡಿ.

ಮಷೀನ್ ಇರುವುದು ದಿನನಿತ್ಯದ ಲೆಕ್ಕಕ್ಕೆ. ಆ ಲೆಕ್ಕ ತಪ್ಪದಿರಲು ಈ ಭಾನುವಾರ ಒಂದು ಕೆಲಸ ಮಾಡಿ. ಊರಿಗೆ ವಿಡಿಯೋ ಕಾಲ್ ಮಾಡಿದಾಗ ಅಪ್ಪನಿಗೋ ಅಮ್ಮನಿಗೋ ಹೇಳಿ ಮಷೀನಿನ ಹಿಂದಿನ ಮುಚ್ಚಳ ತೆಗೆಸಿ. ಸೆಲ್ಲಿನ ಗುರುತು, ತಾರೀಕು ಕ್ಯಾಮೆರಾದಲ್ಲಿ ನೀವೇ ಓದಿ. ಬದಲಿಸಬೇಕಿದ್ದರೆ ನಾಲ್ಕು ಆಲ್ಕಲೈನ್ ಸೆಲ್ ಹಾಕಿಸಿ, ಇನ್ನೂ ನಾಲ್ಕನ್ನು ಪ್ಯಾಕ್ ಒಡೆಯದೆ ಔಷಧಿ ಡಬ್ಬಿಯ ಪಕ್ಕದಲ್ಲಿ ಇಡಿಸಿ.

ಉಪಯೋಗ ಅನ್ನಿಸಿದರೆ ಮನೆಯ ಗ್ರೂಪಿಗೂ ಕಳಿಸಿ. ಮುಂದಿನ ಕಂತಿನಲ್ಲಿ ಬಿಪಿ ಮಷೀನಿನ ಪಟ್ಟಿಯ ಅಳತೆ ಸರಿಯಿಲ್ಲದಿದ್ದರೆ ರೀಡಿಂಗ್ ಎಷ್ಟು ತಪ್ಪುತ್ತದೆ ಎಂಬುದನ್ನು ನೋಡೋಣ.