ಮೆಸ್ತ್ರೆಯ ಪಿಟೀಲು, ಅಜ್ಜನ ಗುಮಟೆ

ಗೋವಾದ ಹಳೆಯ ಇಗರ್ಜಿಗಳಲ್ಲಿ ಭಾನುವಾರದ ಬಲಿಪೂಜೆಯ ಹಾಡಿಗೆ ಕಿವಿಗೊಟ್ಟವರು ಅಲ್ಲಿಯ ವೃಂದಗಾಯನದ ಬೆಡಗನ್ನು ಬಲ್ಲರು. ನಮ್ಮ ಭಜನೆಯಲ್ಲಿ ಎಲ್ಲರೂ ಒಂದೇ ಎಳೆಯನ್ನು ಹಿಡಿದು ಸಾಗುತ್ತಾರೆ; ಅಲ್ಲಿ ಹೆಣ್ಣುಗಂಡುಗಳ ಎತ್ತರ ತಗ್ಗಿನ ಕಂಠಗಳು ಬೇರೆ ಬೇರೆ ಎಳೆಗಳನ್ನು ಹಿಡಿದು ಒಂದೇ ನೇಯ್ಗೆಯಾಗುತ್ತವೆ. ಈ ವಿದ್ಯೆಯನ್ನು ಕಲಿಸುತ್ತಿದ್ದವನು ‘ಮೆಸ್ತ್ರೆ’. ನಾವು ಮನೆ ಕಟ್ಟಿಸಲು ಕರೆಯುವ ಮೇಸ್ತ್ರಿಯೂ ಇದೇ ಪೋರ್ಚುಗೀಸ್ ಪದದಿಂದ ಹುಟ್ಟಿದವನೆಂಬುದು ಬೇರೆ ಮಾತು.

ಪೋರ್ಚುಗೀಸರ ಆಳ್ವಿಕೆಯಲ್ಲಿ 16ನೆಯ ಶತಮಾನದಿಂದ ಇಗರ್ಜಿಗಳ ಆಶ್ರಯದಲ್ಲಿ ಬೆಳೆದ ಶಾಲೆಗಳು ಮಕ್ಕಳಿಗೆ ಸ್ವರಲಿಪಿಯನ್ನೂ ಪಿಟೀಲನ್ನೂ ಕಲಿಸಿದವು. ವೃಂದವನ್ನು ನಡೆಸುವುದು ಅಲ್ಲಿ ಒಂದು ಜೀವನೋಪಾಯವಾಯಿತು. ಮಜೋರ್ಡಾ ಗ್ರಾಮದ ಇಗರ್ಜಿಯ ಇಂತಹ ಗಾಯನಗುರುವೊಬ್ಬರ ಮಗನೇ ಆ್ಯಂಟನಿ ಗೊನ್ಸಾಲ್ವಿಸ್. ತಂದೆಯಿಂದ ಕಲಿತ ಪಿಟೀಲಿನೊಡನೆ ಅವರು ಮುಂಬಯಿಗೆ ತೆರಳಿ ಚಿತ್ರಸಂಗೀತದ ವಾದ್ಯವೃಂದಗಳನ್ನು ಸೇರಿದರು, ಆರ್. ಡಿ. ಬರ್ಮನ್ ಮತ್ತು ಪ್ಯಾರೇಲಾಲ್ ಅವರ ಶಿಷ್ಯರು. 1977ರ ‘ಅಮರ್ ಅಕ್ಬರ್ ಆಂಥೋನಿ’ ಚಿತ್ರದಲ್ಲಿ ಅಮಿತಾಭ್ ಹಾಡುವ ಹೆಸರು ಶಿಷ್ಯನು ಗುರುವಿಗೆ ಸಲ್ಲಿಸಿದ ಕಾಣಿಕೆಯೆಂದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಗೋವಾದ ಕ್ರೈಸ್ತ ಮನೆತನಗಳ ಪ್ರೇಮಗೀತೆಯಾದ ಮಾಂಡೊವಿಗೆ ಎರಡು ವಾದ್ಯಗಳ ಜೊತೆ: ಪಶ್ಚಿಮದ ಪಿಟೀಲು, ಈ ಮಣ್ಣಿನ ಘುಮಟ್. ಘುಮಟ್ ನಮಗೆ ಅಪರಿಚಿತವಲ್ಲ. ಉತ್ತರ ಕನ್ನಡದ ಹಾಲಕ್ಕಿಗಳೂ ಉಡುಪಿ ಸೀಮೆಯ ಕುಡುಬಿಗಳೂ ನುಡಿಸುವ ಗುಮಟೆಯೇ ಅದು. ಎರಡು ಬಾಯಿಯ ಮಣ್ಣಿನ ಗಡಿಗೆ. ದೊಡ್ಡ ಬಾಯಿಗೆ ಚರ್ಮ, ಚಿಕ್ಕ ಬಾಯಿಗೆ ಅಂಗೈ. ಅಂಗೈಯನ್ನು ಮುಚ್ಚಿ ತೆರೆದಂತೆ ನಾದ ಗುಂಯ್ಗುಡುತ್ತದೆ. ಗೋವಾ ಸರಕಾರವು 2019ರಲ್ಲಿ ಇದನ್ನು ರಾಜ್ಯದ ಪಾರಂಪರಿಕ ವಾದ್ಯವೆಂದು ಘೋಷಿಸಿತು. ಆದರೆ ಪರಂಪರೆಯ ಚರ್ಮವು ಉಡದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಉಡವಿದೆ. ಅದನ್ನು ಕೊಂದವನಿಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆವಾಸ. ಆದುದರಿಂದ ಈಗಿನ ಗುಮಟೆಗಳಿಗೆ ಆಡಿನ ಚರ್ಮ.

ಕಳೆದ ವರ್ಷ ಅಂಕೋಲೆಯ ಕಡೆಯ ಗೃಹಸ್ಥರೊಬ್ಬರು ನನ್ನ ಕಚೇರಿಗೆ ಬಂದರು. ಅವರ ಮಗ ಇಲ್ಲಿಯ ಕನ್ನಡ ಶಾಲೆಯಲ್ಲಿ ಓದುತ್ತಾನೆ. “ವಕೀಲರೇ, ವಾರ್ಷಿಕೋತ್ಸವಕ್ಕೆ ಊರಿನಿಂದ ಅಪ್ಪನ ಗುಮಟೆ ತರಬೇಕೆಂದಿದ್ದೇನೆ. ಉಡದ ಚರ್ಮದ್ದು. ತಪ್ಪೇ?” ಎಂದು ಕೇಳಿದರು. ಒಡೆತನದ ಪ್ರಮಾಣಪತ್ರವಿದೆಯೇ ಎಂದು ನಾನು ಕೇಳಿದೆ. ಅವರು ನಕ್ಕುಬಿಟ್ಟರು. ಅದನ್ನು ಗಡಿ ದಾಟಿಸಬೇಡಿ, ಅರಣ್ಯ ಇಲಾಖೆಯವರನ್ನು ಮೊದಲು ಕಾಣಿ ಎಂದೆ. ಕಾಯಿದೆ ಹೇಳುವುದನ್ನೇ ಹೇಳಿದೆನಾದರೂ ಅವರ ಮುಖ ನೋಡಲು ಸಂಕೋಚವಾಯಿತು.

ಯುರೋಪಿನಲ್ಲಿ ಪ್ರಾಚೀನ ಸಂಗೀತವನ್ನು ಅದೇ ಕಾಲದ ವಾದ್ಯಗಳಲ್ಲಿ ನುಡಿಸುವ ಕಲಾವಿದರಿದ್ದಾರೆ. ಬಾಖ್‌ನ ಕೃತಿಗಳಿಗೆ ಅವರು ಉಕ್ಕಿನ ತಂತಿಯನ್ನು ಬಿಟ್ಟು ಕುರಿಯ ಕರುಳಿನ ತಂತಿಯನ್ನೇ ಬಿಗಿಯುತ್ತಾರೆ. ನಾದ ಮೆದುವಾಗುತ್ತದೆ, ಹವೆ ತೇವಗೊಂಡರೆ ಶ್ರುತಿ ತಪ್ಪುತ್ತದೆ. ಆದರೂ ಅವರು ಸರಿಯೇ. ಅವರ ಅದೃಷ್ಟ, ಕುರಿ ಅನುಸೂಚಿಯಲ್ಲಿಲ್ಲ! ನಮ್ಮ ಗುಮಟೆಗಾರನಿಗೆ ಆ ಸೌಲಭ್ಯವಿಲ್ಲ. ಉಡವು ಉಳಿಯಬೇಕೆಂಬುದರಲ್ಲಿ ನನಗೆ ಸಂಶಯವೂ ಇಲ್ಲ.

ಉತ್ಸವದ ದಿನ ಬಾಲಕನು ಆಡಿನ ಚರ್ಮದ ಹೊಸ ಗುಮಟೆಯನ್ನು ನುಡಿಸಿದನು. ಚರ್ಮ ಬಿಗಿಯಾಗಲೆಂದು ತಂದೆ ಅದನ್ನು ಮಧ್ಯಾಹ್ನವೆಲ್ಲ ಬಿಸಿಲಿಗೆ ಇಟ್ಟಿದ್ದರು. ಚಪ್ಪಾಳೆ ಮುಗಿದ ಮೇಲೆ ನನ್ನ ಬಳಿ ಬಂದು, “ಅಪ್ಪನದರಷ್ಟು ಗುಂಯ್ಗುಡುವುದಿಲ್ಲ” ಎಂದರು. ಮಗನು ಮಾತ್ರ ಅದನ್ನು ಕೆಳಗಿಡದೆ ಇನ್ನೂ ತಟ್ಟುತ್ತಲೇ ಇದ್ದನು.